ಮಳೆ ಬಿಡುವ ಹೊತ್ತು ನೋಡಿ ಹೇಳುವ ಸಣ್ಣಸ್ವಾಮಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಶಾಲನಗರದ ಹೊರಗೆ, ಕೂಡಿಗೆ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಬಿಳಿ ವ್ಯಾನೊಂದು ನಿಂತಿದೆ. ಒಳಗೆ ಸಣ್ಣಸ್ವಾಮಿ ಸ್ಟೇರಿಂಗಿಗೆ ಎರಡೂ ಮೊಣಕೈ ಊರಿ ಮೊಬೈಲ್ ನೋಡುತ್ತಿದ್ದಾರೆ. ಪರದೆಯ ಮೇಲೆ ಕೊಡಗಿನ ನಕಾಶೆ. ಅದರ ಮೇಲೆ ಹಸಿರು, ಹಳದಿ, ಅಲ್ಲಲ್ಲಿ ಕೆಂಪು ಬಣ್ಣ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತಿದೆ. ಬೆರಳಿನಿಂದ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಅದನ್ನು ಮುಚ್ಚಿ ಇನ್ನೊಂದು ಆ್ಯಪ್ ತೆರೆಯುತ್ತಾರೆ. ಇದರಲ್ಲಿ ಬಣ್ಣಕ್ಕಿಂತ ಗಾಳಿಯ ಬಾಣಗಳೇ ಹೆಚ್ಚು. ಹೊರಗೆ ಆಷಾಢದ ಮಳೆ ತಗಡನ್ನು ಬಡಿಯುತ್ತಲೇ ಇದೆ. ಮಳೆಯಲ್ಲಿ ಕುಳಿತು ಮಳೆಯನ್ನು ಮೊಬೈಲಿನಲ್ಲಿ ಹುಡುಕುವ ಮನುಷ್ಯನನ್ನು ಕಂಡು ನನಗೆ ನಗು ಬರುತ್ತದೆ.

"ನಗ್ಬೇಡಿ ಸಾರ್," ಎನ್ನುತ್ತಾರೆ ತಲೆ ಎತ್ತದೆ. "ಇಲ್ಲಿ ಹುಯ್ಯೋದು ನಂಗೂ ಕೇಳಿಸ್ತದೆ. ಮಾದಾಪುರದ ಮೇಲಿನ ಬೆಟ್ಟದಾಗೆ ಯಾವಾಗ ಬಿಡ್ತದೆ ಅನ್ನೋದು ನಂಗೆ ಬೇಕು."

ವ್ಯಾನಿನ ಹಿಂಭಾಗದಲ್ಲಿ ಇರುವುದು ಗಾಜಿನ ಮುಚ್ಚಳದ ಫ್ರೀಜರ್ ಪೆಟ್ಟಿಗೆ. ಸತ್ತವರನ್ನು, ದೂರದ ನೆಂಟರು ಬಂದು ಮುಖ ನೋಡುವ ತನಕ ಕೆಡದಂತೆ ಮಲಗಿಸಿಡುವ ಪೆಟ್ಟಿಗೆ. ಅದು ಒಂದು ಸೇವಾ ಟ್ರಸ್ಟಿಗೆ ಸೇರಿದ್ದು. ಅದನ್ನು ಮನೆಗೆ ಮುಟ್ಟಿಸುವುದು, ಕರೆಂಟು ಹೋದರೆ ಜನರೇಟರ್ ಹಚ್ಚುವುದು, ಕೆಲಸ ಮುಗಿದ ಮೇಲೆ ತೊಳೆದು ವಾಪಸು ತರುವುದು ಸಣ್ಣಸ್ವಾಮಿಯವರ ನೌಕರಿ. ವಯಸ್ಸು ನಲವತ್ತೆಂಟು. ಇಂದು ಬೆಳಗಿನ ಜಾವ ಮಾದಾಪುರದ ಮೇಲಿನ ಊರೊಂದರಿಂದ ಧರ್ಮೇಶ್ ಎಂಬವರು ಕರೆ ಮಾಡಿದ್ದಾರೆ. ತಾಯಿ ನಿಂಗಮ್ಮ ರಾತ್ರಿ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು ಅನುಶ್ರೀ ಶ್ರೀಮಂಗಲದಲ್ಲಿ, ಅಂದರೆ ಕೊಡಗಿನ ಆ ತುದಿಯಲ್ಲಿ, ನರ್ಸು. ರಾತ್ರಿಯೇ ಅಲ್ಲಿ ಮರ ಬಿದ್ದು ರಸ್ತೆ ಮುಚ್ಚಿದೆ. ಅವಳು ಬಂದು ಅಮ್ಮನ ಮುಖ ನೋಡಬೇಕು, ಮತ್ತು ಅವಳು ಬರುವುದಕ್ಕೂ ಮಳೆ ಬಿಡುವುದಕ್ಕೂ ಹೊಂದಿಕೆಯಾಗಬೇಕು. ಇಂದಿನ ಕೆಲಸ ಇಷ್ಟೇ.

ಮಳೆಗೂ ಪೆಟ್ಟಿಗೆಗೂ ಏನು ಸಂಬಂಧ ಎಂದು ಬಯಲುಸೀಮೆಯವರು ಕೇಳಬಹುದು. ಈ ಬೆಟ್ಟದ ಊರುಗಳಲ್ಲಿ ಚಿತೆ ಉರಿಯುವುದು ಅವರವರ ಜಮೀನಿನಲ್ಲಿ, ಬಯಲಲ್ಲಿ. ಜುಲೈ ತಿಂಗಳಲ್ಲಿ ಸೌದೆ ಎಷ್ಟೇ ಒಣಗಿದ್ದರೂ ಬೆಂಕಿ ಹಿಡಿಯುವ ತನಕ ಆಕಾಶ ಸುಮ್ಮನಿರಬೇಕು. ಒಮ್ಮೆ ಜೋರಾಗಿ ಹತ್ತಿಕೊಂಡರೆ ಮೇಲೆ ತಗಡು ಹಿಡಿದು ಹೇಗೋ ನಿಭಾಯಿಸುತ್ತಾರೆ. ಆ ಮೊದಲ ಹೊತ್ತನ್ನು ಹುಡುಕಿ ಕೊಡುವ ಕೆಲಸ ಹೇಗೋ ಸಣ್ಣಸ್ವಾಮಿಯವರ ಹೆಗಲಿಗೆ ಬಂದು ಬಿದ್ದಿದೆ. ಟ್ರಸ್ಟಿನವರು ಹೇಳಿದ್ದಲ್ಲ. ಸಾವಿನ ಮನೆಯಲ್ಲಿ ಎಲ್ಲರೂ ಅಂಗಳಕ್ಕೆ ಬಂದು ಆಕಾಶ ನೋಡುತ್ತ "ಯಾವಾಗ ಬಿಡ್ತದೋ" ಎನ್ನುತ್ತಿದ್ದರಂತೆ. ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದ ಇವರು ಒಂದು ದಿನ ಮೊಬೈಲ್ ತೆಗೆದು ನೋಡಿ ಹೇಳಿದರು. ಆಮೇಲೆ ಪೆಟ್ಟಿಗೆಯ ಜೊತೆಗೆ ಅದೂ ಅಂಟಿಕೊಂಡಿತು.

"ಕೂರಿಸಿ ಮಣ್ಣು ಮಾಡೋ ಶೈವರ ಮನೇಲಿ ನನ್ನ ಪೆಟ್ಟಿಗೆ ಆಗಲ್ಲ ಸಾರ್, ಮಲಗಿಸಿದ್ರೆ ಆಮೇಲೆ ಕೂರಿಸೋದು ಕಷ್ಟ. ಆದ್ರೂ ಶನಿವಾರಸಂತೆ ಕಡೆ ಪರಮೇಶಪ್ಪ ಅಂತ ಒಬ್ರು, ಅವರಣ್ಣ ತೀರ್ಕೊಂಡಾಗ ಫೋನ್ ಮಾಡಿದ್ರು. ಪೆಟ್ಟಿಗೆ ಬ್ಯಾಡ ಕಣಯ್ಯಾ, ಗುಂಡಿಗೆ ನೀರು ತುಂಬ್ತಾ ಅದೆ, ಮಳೆ ಯಾವಾಗ ನಿಲ್ತದೆ ಅಷ್ಟು ಹೇಳು ಸಾಕು ಅಂದ್ರು." ಇದನ್ನು ಹೇಳುವಾಗ ಮುಖದಲ್ಲಿ ನಗೆಯ ಸುಳಿವು ಕಾಣುತ್ತದೆ. ಅದು ನಿಲ್ಲುವುದು ಸ್ವಲ್ಪವೇ ಹೊತ್ತು.

ವ್ಯಾನು ಹೊರಡುತ್ತದೆ. ಪಕ್ಕದ ಸೀಟಿನಲ್ಲಿ ಟಾರ್ಪಾಲು, ಫ್ಲಾಸ್ಕು, ಒಂದು ಹಳೆಯ ಬ್ಯಾಟರಿ ಇದ್ದವು. ನನಗಾಗಿ ಅವನ್ನು ಹಿಂದಕ್ಕೆ ಸರಿಸಿ ಬಟ್ಟೆಯಿಂದ ಸೀಟು ಒರೆಸುತ್ತಾರೆ. ಇಲ್ಲಿ ಯಾರೂ ಕೂರುವುದಿಲ್ಲವೇ ಎಂದರೆ, "ಕೂರ್ಬೋದು. ಕೂರಲ್ಲ," ಎನ್ನುತ್ತಾರೆ. ರಸ್ತೆಯಲ್ಲಿ ಕೈ ತೋರಿಸುವವರು ವ್ಯಾನಿನ ಮೇಲಿನ ಬರಹ ಓದಿದ ಕೂಡಲೇ ತಲೆ ಕೆರೆದುಕೊಳ್ಳುವವರ ಹಾಗೆ ಕೈ ಮೇಲಕ್ಕೆ ಒಯ್ಯುತ್ತಾರೆ. ಇವತ್ತೂ ಗುಡ್ಡೆಹೊಸೂರಿನ ಹತ್ತಿರ ಒಬ್ಬ ಹಾಗೇ ಮಾಡುತ್ತಾನೆ. ನನಗೆ ಅವನ ಮೇಲೆ ಸಿಟ್ಟು ಬರುತ್ತದೆ, ಇವರಿಗೆ ಬಂದಂತೆ ಕಾಣುವುದಿಲ್ಲ.

ದಾರಿಯುದ್ದಕ್ಕೂ ನನ್ನ ಪ್ರಶ್ನೆ ಒಂದೇ, ಯಾವ ಆ್ಯಪ್ ಒಳ್ಳೆಯದು? ಅವರ ಮೊಬೈಲಿನಲ್ಲಿ ಇರುವುದು ಮೂರು. ಒಂದೊಂದಕ್ಕೂ ಅವರೇ ಹೆಸರಿಟ್ಟಿದ್ದಾರೆ. ಮೊದಲನೆಯದು 'ಜ್ಯೋತಿಷಿ'. ಹದಿನೈದು ದಿನದ ಮುಂದಿನ ಮಳೆಯನ್ನೂ ಅಂಜದೆ ಅಳುಕದೆ ಹೇಳುತ್ತದೆ, ಊರಿನ ಹೆಸರಿನ ಪಕ್ಕ ಒಂದು ಮೋಡ, ಒಂದು ಸೂರ್ಯ ಬರೆದು ಕೈ ತೊಳೆದುಕೊಳ್ಳುತ್ತದೆ. "ಊರಿಗೊಂದು ಮೋಡ ಬರೆದವ್ನೆ. ಸತ್ತೋರು ಒಂದೂರಲ್ಲಿ, ಮಗಳು ಇನ್ನೊಂದೂರಲ್ಲಿ, ಮಧ್ಯ ದಾರಿ ಅಷ್ಟುದ್ದ. ಒಂದೂರಿನ ಮೋಡ ಇಟ್ಕೊಂಡು ನಾನೇನ್ ಮಾಡ್ಲಿ? ದಾರಿ ನೋಡೋರಿಗೆ ನಕಾಶೆ ಬೇಕು ಸಾರ್." ಆದರೂ ಅದನ್ನು ಅಳಿಸಿಲ್ಲ. ಅದರಲ್ಲಿ ಕನ್ನಡ ಚೆನ್ನಾಗಿ ಬರುತ್ತದಂತೆ.

ಎರಡನೆಯದು 'ಬಣ್ಣ'. ಮಳೆ ಎಲ್ಲಿದೆ, ಗಂಟೆ ಗಂಟೆಗೂ ಎಲ್ಲಿಗೆ ಸರಿಯುತ್ತದೆ ಎಂಬುದನ್ನು ನಕಾಶೆಯ ಮೇಲೆ ಓಡಿಸಿ ತೋರಿಸುತ್ತದೆ. ಮೂರನೆಯದು 'ಬಾಣ'. ಗಾಳಿ ಎತ್ತಲಿಂದ ಎಷ್ಟು ಜೋರಾಗಿ ಬರುತ್ತಿದೆ, ಅದರ ಹಿಂದೆ ಮೋಡ ಎಷ್ಟಿದೆ ಎಂದು ತೋರಿಸುತ್ತದೆ. ಈ ಎರಡನ್ನು ಆರಿಸಿಕೊಳ್ಳುವ ಮೊದಲು ಹತ್ತಾರು ಆ್ಯಪ್‌ಗಳನ್ನು ಹಾಕಿ ತೆಗೆದಿದ್ದಾರೆ. ಕೆಲವು ನೋಡಲು ಮದುವೆ ಮಂಟಪದ ಹಾಗೆ ಜಗಮಗ, ಹಿಗ್ಗಿಸಿದರೆ ಇಡೀ ಸೋಮವಾರಪೇಟೆ ಸೀಮೆಯೇ ಒಂದು ಹಸಿರು ಚೌಕ. ಬೆಟ್ಟದ ಈಚೆ ಬಿಸಿಲು, ಆಚೆ ಧೋ ಎನ್ನುವ ಮಳೆ ಇರುವ ನಾಡಿಗೆ ಒಂದೇ ಚೌಕ ಸಾಲದು. ಕೆಲವಕ್ಕೆ ನೆಟ್‌ವರ್ಕ್ ನಾಲ್ಕು ಗೀಟು ಇರಲೇಬೇಕು. ಕೆಲವು, ಪಟ ಎಷ್ಟು ಹೊತ್ತಿನದು ಎಂದೇ ಹೇಳುವುದಿಲ್ಲ. "ಪಟದ ಮೇಲೆ ಟೈಮ್ ಇಲ್ದಿದ್ರೆ ಆ ಆ್ಯಪ್ ಕಸಕ್ಕೆ ಸಮ. ಅದನ್ನ ನಾನು ಪೆಟ್ಟು ತಿಂದು ಕಲ್ತಿದ್ದು."

ಆ ಪೆಟ್ಟಿನ ಕತೆಯನ್ನು ಸುಂಟಿಕೊಪ್ಪ ದಾಟಿದ ಮೇಲೆ ಹೇಳುತ್ತಾರೆ. ಹೋದ ಮಳೆಗಾಲದಲ್ಲಿ ಒಂದು ಊರಿಗೆ ಹೋಗಿದ್ದರು. ಅಂಗಳದಲ್ಲಿ ಕುಳಿತು ನಕಾಶೆ ನೋಡಿದಾಗ ಪಶ್ಚಿಮವೆಲ್ಲ ಖಾಲಿ ಇತ್ತು. ಬೆಂಕಿ ಕೊಡಬಹುದು ಎಂದರು. ಆದರೆ ಆ ತಗ್ಗಿನಲ್ಲಿ ನೆಟ್‌ವರ್ಕ್ ಸತ್ತು ಎಷ್ಟೋ ಹೊತ್ತಾಗಿತ್ತು. ಪರದೆಯ ಮೇಲೆ ಉಳಿದಿದ್ದುದು ಬೆಟ್ಟದ ಮೇಲೆ ಸಿಗ್ನಲ್ ಇದ್ದಾಗ ಬಂದ ಹಳೆಯ ಪಟ. ಬೆಂಕಿ ಕೊಟ್ಟು ಸ್ವಲ್ಪ ಹೊತ್ತಿಗೆಲ್ಲ ಮಳೆ ಎಂಥದ್ದು ಬಂತೆಂದರೆ ಚಿತೆ ಅರ್ಧಕ್ಕೆ ಆರಿತು. ಮನೆಯವರು ತಗಡು, ಟಾರ್ಪಾಲು, ಕೊನೆಗೆ ಬಾಗಿಲಿನ ಹಲಗೆ ಕಿತ್ತು ತಂದು ಹಿಡಿದು ನಿಂತರು. ಸತ್ತವರ ಮಗ ಇವರ ಕಡೆ ಒಮ್ಮೆ ನೋಡಿದನಂತೆ, ಬಯ್ಯಲಿಲ್ಲವಂತೆ. "ಬಯ್ದಿದ್ರೆ ಚೆನ್ನಾಗಿತ್ತು. ಆ ಊರಿಂದ ಈಗ ನಂಗೆ ಫೋನ್ ಬರಲ್ಲ ಸಾರ್. ಸಾಯೋರು ಇಲ್ಲ ಅಂತಲ್ಲ."

ಸಣ್ಣಸ್ವಾಮಿಯವರ ತಂದೆ ಅರಕಲಗೂಡು ಕಡೆಯಿಂದ ಬಂದು ಹೆಬ್ಬಾಲೆಯ ಬಳಿ ನೆಲೆಯೂರಿದವರು. ಭತ್ತ, ಶುಂಠಿ ಬೆಳೆದರು. ಇವರು ಶುಂಠಿ ಲಾರಿ ಓಡಿಸುತ್ತಿದ್ದರು. ಟ್ರಸ್ಟಿನ ಹಳೆಯ ಡ್ರೈವರ್ ಬಿಟ್ಟು ಹೋದಾಗ, ಒಂದು ತಿಂಗಳು ನೋಡಿಕೊಳ್ಳಿ ಎಂದು ಕರೆದರು. ಆ ತಿಂಗಳು ಇನ್ನೂ ಮುಗಿದಿಲ್ಲ. ಮದುವೆಯ ಮಾತು ಎರಡು ಮೂರು ಕಡೆ ನಡೆಯಿತು. ಹುಡುಗ ಡ್ರೈವರ್ ಎಂದಾಗ ಎಲ್ಲರೂ ಒಪ್ಪಿದರು, ಯಾವ ಗಾಡಿ ಎಂದು ಕೇಳಿದ ಮೇಲೆ ಕಾಫಿ ಲೋಟ ಕೆಳಗಿಟ್ಟರು. "ನಾನೇ ಆಗಿದ್ರೂ ಹೆಣ್ಣು ಕೊಡ್ತಿರ್ಲಿಲ್ಲ ಬುಡಿ," ಎಂದು ನಕ್ಕು ಗೇರ್ ಬದಲಿಸುತ್ತಾರೆ. ಆ ನಗೆಗೆ ಜೊತೆಯಾಗಿ ನಗಲು ನನ್ನಿಂದ ಆಗುವುದಿಲ್ಲ.

ತಾಯಿ ಕಾಳಮ್ಮ ಹೆಬ್ಬಾಲೆಯಲ್ಲಿ ಕಿರಿಯ ಮಗ ಸುನಿಲನ ಜೊತೆ ಇದ್ದಾರೆ. ಸಣ್ಣಸ್ವಾಮಿ ಹಬ್ಬಕ್ಕೆ ಹೋದರೆ ವ್ಯಾನನ್ನು ಊರಾಚೆ, ನಾಲೆಯ ಏರಿಯ ಮೇಲೆ ನಿಲ್ಲಿಸಿ ನಡೆದು ಹೋಗುತ್ತಾರೆ. ವ್ಯಾನು ಬೀದಿಗೆ ಬಂದರೆ ಅಕ್ಕಪಕ್ಕದವರು ಎದ್ದು ಹೊರಗೆ ಬರುತ್ತಾರೆ, ಯಾರ ಮನೆ ಎಂದು. ಕಾಯಿಲೆಯವರಿರುವ ಮನೆಯಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೋಟೆಲಿನ ಮುಂದೆಯೂ ನಿಲ್ಲಿಸುವ ಹಾಗಿಲ್ಲ. ಇವತ್ತು ನಾವು ಕಾಫಿ ಕುಡಿದದ್ದೂ ಹಾಗೆಯೇ, ಗಾಡಿಯನ್ನು ತಿರುವಿನಾಚೆ ಬಿಟ್ಟು ಮಳೆಯಲ್ಲಿ ನಡೆದು ಹೋಗಿ. ಹೋಟೆಲಿನವರು ಇವರನ್ನು ಕಂಡು ನಕ್ಕರು, ಕಾಫಿಯನ್ನೂ ಪ್ರೀತಿಯಿಂದಲೇ ಕೊಟ್ಟರು. ಆದರೆ ಯಾರ ಮನೆಗೆ ಹೊರಟಿರಿ ಎಂದು ಕೇಳಲಿಲ್ಲ.

ನಿಂಗಮ್ಮನವರ ಮನೆಗೆ ವ್ಯಾನು ಹತ್ತುವಾಗ ಮಳೆ ಇನ್ನೂ ಜೋರು. ಅಂಗಳದ ತುದಿಯಲ್ಲಿ ನಿಂತ ಕೂಡಲೇ ಗಂಡಸರೆಲ್ಲ ಓಡಿ ಬರುತ್ತಾರೆ. ಪೆಟ್ಟಿಗೆಗೆ ಎಷ್ಟೊಂದು ಕೈಗಳು. ಎತ್ತುವವರು, ದಾರಿ ಬಿಡಿಸುವವರು, ಕೊಡೆ ಹಿಡಿಯುವವರು. ಒಳಗೆ ನಡುಮನೆಯಲ್ಲಿ ಅದನ್ನಿಟ್ಟು, ವೈರು ಎಳೆದು, ಸಣ್ಣಸ್ವಾಮಿ ಹಿಂದೆ ಸರಿಯುತ್ತಾರೆ. ನಿಂಗಮ್ಮನವರನ್ನು ಮಲಗಿಸುವಾಗ ಗಾಜಿನ ಮುಚ್ಚಳಕ್ಕೆ ಸೆರಗು ಸಿಕ್ಕದಂತೆ ತಾವೇ ಬಂದು ಸರಿ ಮಾಡುತ್ತಾರೆ. ನಂತರ ಜಗುಲಿಯ ಕೊನೆಯ ಕಂಬದ ಹತ್ತಿರ ಕುಳಿತುಬಿಡುತ್ತಾರೆ. ಬಂದವರೆಲ್ಲ ಒಬ್ಬರನ್ನೊಬ್ಬರು ಹಿಡಿದು ಅಳುವ ಆ ಮನೆಯಲ್ಲಿ ಅವರ ಪಕ್ಕದ ಜಾಗ ಮಾತ್ರ ಖಾಲಿ.

ಧರ್ಮೇಶ್ ಬಂದು ಫೋನ್ ಕೊಡುತ್ತಾರೆ. ಆ ಕಡೆ ಅನುಶ್ರೀ. ಶ್ರೀಮಂಗಲದ ರಸ್ತೆಯ ಮರ ತೆಗೆದಿದ್ದಾರೆ, ಬಾಡಿಗೆ ಕಾರು ಸಿಕ್ಕಿದೆ, ಈಗ ಹೊರಟಿದ್ದಾಳೆ. ಯಾವ ದಾರಿ ಹಿಡಿಯಬೇಕು ಎಂಬುದೇ ಪ್ರಶ್ನೆ. ಕಾರು ಓಡಿಸುತ್ತಿರುವ ಪ್ರಜ್ಞೇಶ್ ಸ್ಪೀಕರಿನಲ್ಲಿ ಹೇಳುತ್ತಾನೆ, "ಅಣ್ಣ, ಸಿದ್ದಾಪುರ ಮೇಲೆ ಬಂದ್ರೆ ಒಂದು ಅವರ್ ಸೇವ್ ಆಗ್ತದಲ್ಲಾ. ನಂಗೆ ಆ ರೋಡ್ ಕಣ್ಣು ಮುಚ್ಚಿ ಬರ್ತದೆ."

ಸಣ್ಣಸ್ವಾಮಿ ಆ ಫೋನನ್ನೂ ಹಿಡಿದು ಮನೆಯ ಹಿಂದಿನ ದಿಬ್ಬ ಹತ್ತುತ್ತಾರೆ, ನಾನೂ ಜೊತೆಗೆ. ನಕಾಶೆ ತೆರೆಯುವಷ್ಟು ಸಿಗ್ನಲ್ ನೀರಿನ ಟ್ಯಾಂಕಿನ ಪಕ್ಕ ಮಾತ್ರ ಸಿಗುತ್ತದೆ. ಎರಡೂ ನಕಾಶೆಗಳನ್ನು ಹೊಸದಾಗಿ ತೆರೆದು, ಪಟದ ಮೂಲೆಯಲ್ಲಿರುವ ಸಮಯವನ್ನು ಕೈಗಡಿಯಾರಕ್ಕೆ ತಾಳೆ ನೋಡುತ್ತಾರೆ. ಸಿದ್ದಾಪುರದ ಸುತ್ತ ಕೆಂಪು ಒತ್ತಾಗಿ ನಿಂತಿದೆ. ತಿತಿಮತಿ ದಾಟಿದರೆ ಹಸಿರು, ಪಿರಿಯಾಪಟ್ಟಣದ ಕಡೆ ಏನೂ ಇಲ್ಲ. "ಸಿದ್ದಾಪುರ ಬ್ಯಾಡ ಕಣಪ್ಪಾ. ಹೊಳೆ ರಸ್ತೆಗೆ ಬಂದ್ರೆ ನೀನು ಹಿಂದಕ್ಕೂ ಹೋಗಂಗಿಲ್ಲ ಮುಂದಕ್ಕೂ ಬರಂಗಿಲ್ಲ. ತಿತಿಮತಿ ಮೇಲೆ ಪಂಚವಳ್ಳಿ, ಪಿರಿಯಾಪಟ್ಟಣ, ಹಂಗೆ ಸುತ್ಕೊಂಡು ಬಾ. ಉದ್ದ ಆದ್ರೂ ಒಣ ದಾರಿ." ಆಮೇಲೆ ಅನುಶ್ರೀಯ ದನಿ, "ನಾನು ಬರೋ ತನಕ ಅಮ್ಮನ್ನ ಇಟ್ಟಿರ್ತೀರ ಅಲ್ವಾ ಅಣ್ಣ?"

"ಇಟ್ಟಿರ್ತೀವಿ ಬಾರವ್ವ," ಎನ್ನುತ್ತಾರೆ. ಈ ಮಾತು ಹೇಳುವ ಅಧಿಕಾರ ಅವರಿಗಿಲ್ಲ, ಅದು ಇಬ್ಬರಿಗೂ ಗೊತ್ತು.

ಅಧಿಕಾರ ಇರುವುದು ಧರ್ಮೇಶರ ಚಿಕ್ಕಪ್ಪನಿಗೆ. ನಿಂಗಮ್ಮನವರ ಮೈದುನ, ಎತ್ತರದ ಆಳು, ಊರಿನ ಸಾವುಗಳನ್ನೆಲ್ಲ ಮುಂದೆ ನಿಂತು ನಡೆಸಿದವರು. ಮಧ್ಯಾಹ್ನದ ಒಳಗೆ ಮುಗಿಸಬೇಕು ಎಂಬುದು ಅವರ ಮಾತು. ಹೊರಗಿನ ನೆಂಟರು ಬೆಟ್ಟ ಇಳಿಯಬೇಕು, ಸಂಜೆಯ ಮೇಲೆ ರಸ್ತೆಯನ್ನು ನಂಬುವ ಹಾಗಿಲ್ಲ. ಆದರೆ ಮಳೆಯೇ ಬಿಡದಿದ್ದಾಗ ಅವರೂ ಏನು ಮಾಡಿಯಾರು? ಮಧ್ಯಾಹ್ನ ಒಂದು ಗಂಟೆಯ ಮೇಲೆ ಬಿಡುವು ಕಾಣುತ್ತದೆ ಎಂದು ಸಣ್ಣಸ್ವಾಮಿ ಹೇಳಿದಾಗ ಅವರು ತಲೆಯಾಡಿಸುತ್ತಾರೆ. ಅನುಶ್ರೀ ಅಷ್ಟರಲ್ಲಿ ಬಂದಿರುತ್ತಾಳೆ. ಎಲ್ಲ ಹೊಂದಿಕೊಂಡ ಹಾಗೆ ಅನ್ನಿಸಿ ಸಣ್ಣಸ್ವಾಮಿ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಕಾಫಿ ಬಗ್ಗಿಸುತ್ತಾರೆ.

ಅದಾದ ಮೇಲೆ ಆಗಬಾರದ್ದು ಆಗುತ್ತದೆ. ಮಧ್ಯಾಹ್ನಕ್ಕೆ ಮೊದಲೇ ಮಳೆ ನಿಂತುಬಿಡುತ್ತದೆ. ಸಣ್ಣಗಾಗಿ, ತೊಟ್ಟಿಕ್ಕಿ, ಪೂರ್ತಿ ನಿಲ್ಲುತ್ತದೆ. ಬೆಟ್ಟದ ಮೇಲೆ ಮೋಡ ಹರಿದು ಒಂದು ತುಣುಕು ಬಿಳಿ ಬೆಳಕು ಬೀಳುತ್ತದೆ. ಬೇರೆ ದಿನವಾದರೆ ಜನ ಕೈ ಮುಗಿಯುತ್ತಿದ್ದರು. ಚಿಕ್ಕಪ್ಪ ಅಂಗಳಕ್ಕೆ ಇಳಿದು ಆಕಾಶ ನೋಡಿ, "ಎತ್ರೋ ಮತ್ತೆ. ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ," ಎನ್ನುತ್ತಾರೆ. ಧರ್ಮೇಶ್, "ಅನು ಇನ್ನೂ ಪಿರಿಯಾಪಟ್ಟಣ ಬಿಟ್ಟಿಲ್ಲ ಚಿಕ್ಕಪ್ಪ," ಎನ್ನುತ್ತಾರೆ. ಎಲ್ಲರ ಕಣ್ಣು ಕೊನೆಯ ಕಂಬದ ಕಡೆ ತಿರುಗುತ್ತದೆ. ಬೆಳಿಗ್ಗೆಯಿಂದ ಅವರ ಕಡೆ ಅಷ್ಟು ಜನ ನೋಡಿದ್ದು ಅದೇ ಮೊದಲು.

ಸಣ್ಣಸ್ವಾಮಿ ಮತ್ತೆ ದಿಬ್ಬ ಹತ್ತುತ್ತಾರೆ. ಟ್ಯಾಂಕಿನ ಪಕ್ಕ ನಿಂತು ಮೊದಲು 'ಬಾಣ' ತೆರೆಯುತ್ತಾರೆ. ಅದರ ಪ್ರಕಾರ ಬಿಡುವು ಎಂದರೆ ಇದೇ. ಪಶ್ಚಿಮದಿಂದ ದೊಡ್ಡ ಮಳೆಯೊಂದು ಹೊರಟಿದೆ, ಎರಡು ಗಂಟೆಯ ಹೊತ್ತಿಗೆ ಇಲ್ಲಿ ಮುಟ್ಟುತ್ತದೆ, ಮುಟ್ಟಿದರೆ ರಾತ್ರಿಯ ತನಕ ಬಿಡುವುದಿಲ್ಲ. ಆಮೇಲೆ 'ಬಣ್ಣ' ತೆರೆಯುತ್ತಾರೆ. ಅದು ಬೇರೆಯೇ ಹೇಳುತ್ತದೆ. ಈಗ ಬಿಟ್ಟಿರುವುದು ಬರೀ ಆಸೆ ತೋರಿಸಲು, ಇನ್ನೇನು ಒಂದು ಜಡಿಮಳೆ ಬರುತ್ತದೆ, ಎರಡರ ಮೇಲೆ ಸಂಜೆಯವರೆಗೂ ಖಾಲಿ. ಎರಡೂ ಪಟಗಳ ಮೇಲೆ ಸಮಯ ಸರಿಯಾಗಿದೆ. ಎರಡೂ ಈಗಿನವೇ. ನಾನು ಅವರ ಭುಜದ ಮೇಲಿಂದ ಇಣುಕಿ ನೋಡುತ್ತಿದ್ದೇನೆ. ಅವರು ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಾರೆ, ಮತ್ತೆ ಅದನ್ನು ಮುಚ್ಚಿ ಇದನ್ನು. ಕೆಳಗಿನಿಂದ ಯಾರೋ ಕೂಗುತ್ತಾರೆ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ಇಳಿಯುತ್ತಾರೆ.

"ಇದು ಬಿಡುವಲ್ಲ ಗೌಡ್ರೇ. ಇನ್ನೊಂದು ಜಡಿ ಬತ್ತದೆ. ಸೌದೆ ಮುಚ್ಚೇ ಇರ್ಲಿ. ಎರಡರ ಮೇಲೆ ಕೊಡಾನ."

"ಗ್ಯಾರಂಟಿ ಏನಯ್ಯಾ?"

"ಪಟದಾಗೆ ಅದೆ ಗೌಡ್ರೇ."

ಚಿಕ್ಕಪ್ಪ ಅವರನ್ನು ದಿಟ್ಟಿಸಿ ನೋಡಿ ಒಳಗೆ ಹೋಗುತ್ತಾರೆ. ಎಲ್ಲರೂ ಜಡಿಗಾಗಿ ಕಾಯುತ್ತಾರೆ. ಜಡಿ ಬರುವುದಿಲ್ಲ. ಹತ್ತು ಹನಿಯೂ ಬೀಳುವುದಿಲ್ಲ. ಬಿಳಿ ಬೆಳಕು ಅಂಗಳವಿಡೀ ಹರಡಿಕೊಂಡು, ಚಪ್ಪರದ ಅಂಚಿನ ನೀರೂ ಸೋರುವುದು ನಿಲ್ಲುತ್ತದೆ. ಜಗುಲಿಯಲ್ಲಿ ಗುಸುಗುಸು ಏಳುತ್ತದೆ. ಒಬ್ಬಾತ ಜೋರಾಗಿಯೇ, "ಮೊಬೈಲ್ ನೋಡಿ ಹೆಣ ಸುಡೋ ಕಾಲ ಬಂತು," ಎನ್ನುತ್ತಾನೆ. ಸಣ್ಣಸ್ವಾಮಿ ನೆಲ ನೋಡುತ್ತ ಕುಳಿತಿದ್ದಾರೆ. ಹಣೆಯ ಮೇಲೆ ಬೆವರು. ಆ ತಂಪಿನಲ್ಲಿ ಬೆವರುವ ಒಬ್ಬನೇ ಮನುಷ್ಯ ಅವರು. ಅವರ ಪರವಾಗಿ ಒಂದು ಮಾತು ಆಡಬೇಕೆಂದು ನನಗೆ ಅನ್ನಿಸುತ್ತದೆ, ಆದರೆ ಏನೆಂದು ಆಡಲಿ? ಎರಡನ್ನೂ ನೋಡಿದವನು ನಾನೂ ತಾನೇ.

ಪಶ್ಚಿಮದ ಬೆಟ್ಟದ ನೆತ್ತಿ ಕಪ್ಪಾಗಲು ಶುರುವಾಗುತ್ತದೆ. ಚಿಕ್ಕಪ್ಪ ಹೊರಗೆ ಬಂದು, ಇನ್ನು ಯಾರ ಮಾತೂ ಬೇಡ, ಎತ್ತಿ ಎನ್ನುವಾಗಲೇ ಕೆಳಗಿನ ತಿರುವಿನಲ್ಲಿ ಕಾರಿನ ಹಾರನ್ ಕೇಳುತ್ತದೆ. ಪ್ರಜ್ಞೇಶ್ ಅದನ್ನು ಬಿಡದೆ ಒತ್ತುತ್ತಲೇ ಬರುತ್ತಿದ್ದಾನೆ. ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದು ಅನುಶ್ರೀ ಇಳಿಯುತ್ತಾಳೆ. ಆಸ್ಪತ್ರೆಯ ಯೂನಿಫಾರಂ ಮೇಲೆ ಸ್ವೆಟರ್, ಕಾಲಿಗೆ ಚಪ್ಪಲಿ ಇಲ್ಲ. ಯಾರನ್ನೂ ನೋಡದೆ ಒಳಗೆ ಓಡುತ್ತಾಳೆ. ಸಣ್ಣಸ್ವಾಮಿ ಅವಳ ಹಿಂದೆಯೇ ಹೋಗಿ, ಬೇರೆಯವರು ಕೈ ಹಾಕುವ ಮೊದಲು, ಗಾಜಿನ ಮುಚ್ಚಳವನ್ನು ತಾವೇ ಎತ್ತಿ ಪಕ್ಕಕ್ಕಿಡುತ್ತಾರೆ. ಗಾಜಿನ ಮೇಲಿಂದ ಮುಖ ನೋಡಿದರೆ ನೋಡಿದ ಹಾಗಲ್ಲ ಎಂಬುದು ಅವರ ಮಾತು. ಅನುಶ್ರೀ ಅಮ್ಮನ ಕೆನ್ನೆಗೆ ಕೆನ್ನೆ ಒತ್ತಿ ಕೂರುತ್ತಾಳೆ. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಆಕಾಶದ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡುತ್ತಾರೆ. ಅವಸರ ಮಾಡು ಎಂದು ಅವರೂ ಹೇಳುವುದಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಮುಚ್ಚಿಟ್ಟುಕೊಳ್ಳಲು ನಾನು ಹೊರಗೆ ಬರುತ್ತೇನೆ.

ಬೆಂಕಿ ಕೊಟ್ಟು ಸೌದೆ ಚೆನ್ನಾಗಿ ಹತ್ತಿಕೊಳ್ಳುವಷ್ಟರಲ್ಲಿ ಮಳೆ ಬರುತ್ತದೆ. ಬಂದದ್ದು 'ಬಾಣ' ಹೇಳಿದ ಮಳೆ, ಅದು ಹೇಳಿದ ಹೊತ್ತಿಗೆ, ಅದು ಹೇಳಿದ ದಿಕ್ಕಿನಿಂದ. ಗಂಡಸರೆಲ್ಲ ತಗಡು ಹಿಡಿದು ಚಿತೆಯ ಸುತ್ತ ನಿಲ್ಲುತ್ತಾರೆ. ಗಾಳಿ ಬೀಸಿ ಹೋಗುವ ಕಡೆ, ಹೊಗೆ ಬಡಿಯುವ ಜಾಗದಲ್ಲಿ, ಸಣ್ಣಸ್ವಾಮಿ ನಿಂತಿದ್ದಾರೆ. ಕೈ ಬದಲಿಸಲು ಯಾರೂ ಬರುವುದಿಲ್ಲ, ಅವರೂ ಕರೆಯುವುದಿಲ್ಲ. ಒಂದು ಸಲ ಉರಿ ತೀರ ತಗ್ಗುತ್ತದೆ. ಆಮೇಲೆ ಒಳಗಿನ ಒಣ ಸೌದೆಗೆ ಹಿಡಿದು ಮತ್ತೆ ಏಳುತ್ತದೆ. ಇನ್ನು ಆರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಚಿಕ್ಕಪ್ಪ ಅವರ ಹತ್ತಿರ ಬಂದು, "ನಿನ್ನ ಮಾತು ಕೇಳಿ ಇವತ್ತು ಮಾನ ಹೋಗ್ತಿತ್ತಲ್ಲಯ್ಯಾ. ಜಡಿ ಅಂದ್ಯಲ್ಲ, ಎಲ್ಲಿ ಬಂತು?" ಎಂದು ಕೇಳುತ್ತಾರೆ. ಸಣ್ಣಸ್ವಾಮಿ, "ತಪ್ಪಾಯ್ತು ಗೌಡ್ರೇ," ಎನ್ನುತ್ತಾರೆ.

ಖಾಲಿ ಪೆಟ್ಟಿಗೆ ಹೊರಗೆ ಬರುವಾಗ ಕೈಗಳಿಲ್ಲ. ಬೆಳಿಗ್ಗೆ ಮುಗಿಬಿದ್ದವರು ಈಗ ಬಚ್ಚಲಿನ ಮುಂದೆ ಸಾಲಾಗಿ ನಿಂತಿದ್ದಾರೆ. ಸ್ನಾನವಾದವರು ಮತ್ತೆ ಅದನ್ನು ಮುಟ್ಟುವ ಹಾಗಿಲ್ಲ, ಸ್ನಾನವಾಗದವರಿಗೆ ಅವಸರ. ಇದರಲ್ಲಿ ಯಾರದೂ ತಪ್ಪಿಲ್ಲ ಎಂದು ಸಣ್ಣಸ್ವಾಮಿಯೇ ಹೇಳುತ್ತಾರೆ. ಅದಕ್ಕೆಂದೇ ಪೆಟ್ಟಿಗೆಯ ಕೆಳಗೆ ಗಾಲಿ ಹಾಕಿಸಿಕೊಂಡಿದ್ದಾರೆ. ಕೆಸರಿನಲ್ಲಿ ಗಾಲಿ ಹೂತುಕೊಂಡಾಗ ನಾನು ಹಿಂದಿನಿಂದ ನೂಕುತ್ತೇನೆ. ಹೊರಡುವಾಗ ಅವರು ಯಾರಿಗೂ ಏನೂ ಹೇಳುವುದಿಲ್ಲ. ಹೋಗಿ ಬರುತ್ತೇನೆ ಎನ್ನುವ ಹಾಗಿಲ್ಲ, ಬರುತ್ತೇನೆ ಎಂಬ ಮಾತನ್ನು ಈ ಗಾಡಿಯವನ ಬಾಯಲ್ಲಿ ಕೇಳಲು ಯಾರಿಗೂ ಇಷ್ಟವಿರುವುದಿಲ್ಲ. ಸುಮ್ಮನೆ ಗಾಡಿ ಹತ್ತಿ, ಹಾರನ್ ಮಾಡದೆ ಇಳಿದುಬಿಡುತ್ತಾರೆ.

ಮಾದಾಪುರ ದಾಟುವಾಗ ಮಳೆ ಗಾಜಿನ ಮೇಲೆ ಕೊಡದಲ್ಲಿ ಸುರಿದ ಹಾಗೆ ಬೀಳುತ್ತಿದೆ. ಕತ್ತಲಾಗಲು ಇನ್ನೂ ಹೊತ್ತಿದ್ದರೂ ದೀಪ ಹಾಕಿದ್ದಾರೆ. ಮಧ್ಯಾಹ್ನದಿಂದ ಒತ್ತಿಟ್ಟುಕೊಂಡ ಪ್ರಶ್ನೆಯನ್ನು ಈಗ ಕೇಳುತ್ತೇನೆ. ಎರಡು ನಕಾಶೆಗಳಲ್ಲಿ 'ಬಣ್ಣ'ವೇ ಸರಿ ಎಂದು ನಿಮಗೆ ಅನ್ನಿಸಿದ್ದು ಯಾಕೆ?

"ಸರಿ ಅಂತ ಅನ್ನಿಸ್ಲಿಲ್ಲ ಸಾರ್," ಎನ್ನುತ್ತಾರೆ. "ಗಾಳಿ ವಿಚಾರದಾಗೆ 'ಬಾಣ'ನೇ ಯಾವಾಗ್ಲೂ ಮುಂದೆ. ಅದು ನಂಗೆ ಗೊತ್ತು. ಆದ್ರೆ ಅದ್ರಾಗೆ ಆ ಹುಡುಗಿಗೆ ಜಾಗ ಇರ್ಲಿಲ್ಲ. 'ಬಣ್ಣ'ದಾಗೆ ಇತ್ತು. ಅದನ್ನೇ ನಂಬಿದೆ." ವೈಪರಿನ ವೇಗ ಹೆಚ್ಚಿಸಿ, "ಬೆಂಕಿ ಆರಿದ್ರೆ ಇನ್ನೊಂದೂರು ಹೋಗ್ತಿತ್ತು ನಂಗೆ," ಎನ್ನುತ್ತಾರೆ. ಹೆಮ್ಮೆಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಬದುಕಿಕೊಂಡೆ ಎಂಬ ಸುಸ್ತು ಮಾತ್ರ ಇದೆ.

ಸುಂಟಿಕೊಪ್ಪದ ಹತ್ತಿರ ಮೊಬೈಲ್ ಸದ್ದು ಮಾಡುತ್ತದೆ. ಗಾಡಿ ಬದಿಗೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ಓದುತ್ತಾರೆ. ಮತ್ತೊಮ್ಮೆ ಓದುತ್ತಾರೆ. ಆಮೇಲೆ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ, ತಾವು ಓದಿದ್ದು ಸರಿಯೇ ಎಂದು ಕೇಳುವವರ ಹಾಗೆ. ಧರ್ಮೇಶರ ಹತ್ತಿರ ನಂಬರ್ ಕೇಳಿ ಪಡೆದಿರಬೇಕು, ಅನುಶ್ರೀ ಬರೆದಿದ್ದಾಳೆ: 'ಅಣ್ಣ, ಹೊರಟಿದ್ದು ಗೊತ್ತಾಗಲಿಲ್ಲ. ನೀವು ಹೋಗೋ ದಾರೀಲಿ ಮಳೆ ಹೇಗಿದೆ?'

ಊರೂರಿನವರ ದಾರಿಗೆ ಮಳೆ ನೋಡಿ ಹೇಳುವ ಮನುಷ್ಯನಿಗೆ ಇದನ್ನು ಇದುವರೆಗೆ ಯಾರೂ ಕೇಳಿಲ್ಲವಂತೆ. ದಪ್ಪ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಾರೆ. 'ಮಳೆ ಇಲ್ಲ ಕಣವ್ವ. ರಸ್ತೆ ಒಣಗಿದೆ.' ವೈಪರ್ ಪೂರ್ತಿ ವೇಗದಲ್ಲಿ ಓಡುತ್ತಿದ್ದರೂ ಎದುರಿನ ರಸ್ತೆ ಕಾಣುತ್ತಿಲ್ಲ. ಯಾಕೆ ಹಾಗೆ ಬರೆದಿರಿ ಎನ್ನುತ್ತೇನೆ.

"ಹುಯ್ತಾ ಅದೆ ಅಂದ್ರೆ ಇನ್ನೊಂದ್ಸಲ ಕೇಳ್ತಾಳೆ ಸಾರ್, ಮನೆ ಮುಟ್ಟಿದ್ರಾ ಅಂತ," ಎನ್ನುತ್ತಾರೆ, ಗಾಡಿಯನ್ನು ಮತ್ತೆ ರಸ್ತೆಗೆ ತರುತ್ತ. "ಆಮೇಲೆ ನಾಳೆ ಮಳೇಲಿ ಇನ್ನೆಲ್ಲಿಗೋ ಹೊರಟಾಗ, ಯಾರಾದ್ರೂ ಕೇಳ್ತಾರಾ ಅಂತ ನಾನು ಫೋನ್ ನೋಡ್ಕೊಂಡು ಕೂತಿರ್ತೀನಿ. ಒಬ್ಬನೇ ಓಡಾಡೋನಿಗೆ ಆ ಅಭ್ಯಾಸ ಬ್ಯಾಡ."